ಯಮುನಮ್ಮನವರ ಬಲಭುಜಕ್ಕೊಂದು ವಿನಮ್ರ ದೂರು

ಹೊಸನಗರ, ಫೆಬ್ರವರಿ ೧೯೬೬

ನನ್ನ ಧರ್ಮಪತ್ನಿ ಯಮುನಮ್ಮನವರ ಬಲಭುಜದವರ ಸನ್ನಿಧಾನಕ್ಕೆ, ತಾಲ್ಲೂಕು ಕಚೇರಿಯ ಮಾವಿನ ಮರದಡಿ ಕೂತು ಇಪ್ಪತ್ತು ವರ್ಷದಿಂದ ಊರವರ ಅರ್ಜಿ ಬರೆಯುತ್ತಿರುವ ಮಂಜುನಾಥಪ್ಪ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಎಂಟು ತಿಂಗಳಿಂದ ತಾವು ಮೇಲೇಳಲು ಒಪ್ಪದ ಕಾರಣ, ಯಮುನಮ್ಮ ತಲೆ ಬಾಚಿಸಿಕೊಳ್ಳಲು ದಿನಾ ಪಕ್ಕದ ಮನೆಯ ಕೆರಿಯಮ್ಮನ ಜಗಲಿಗೆ ಹೋಗಬೇಕಾಗಿದೆ. ನೋಡಿದರೆ ನನಗೆ ಸಂಕಟವಾಗುತ್ತದೆ.

ಮೊದಲು ತಮ್ಮನ್ನು ತೀರ್ಥಹಳ್ಳಿಗೆ ಕರೆದೊಯ್ದೆ. ಚೀನಾದ ಜೊತೆ ಯುದ್ಧವಾದ ಮೇಲೂ ಅವರ ಸೂಜಿ ಚಿಕಿತ್ಸೆಯನ್ನು ನಂಬಿ, ಕಲ್ಕತ್ತೆಗೆ ಹೋಗಿ ಆ ವಿದ್ಯೆ ಕಲಿತು ಬಂದ ಧೈರ್ಯವಂತರಾದ ಬೆಳ್ಳಪ್ಪನವರು ಎರಡೂ ಮಣಿಕಟ್ಟುಗಳಲ್ಲಿ ಹನ್ನೆರಡು ನಾಡಿ ಹಿಡಿದು, ದೋಷ ಭುಜದ ಮೇಲಿಂದ ಪಾದದವರೆಗೆ ಹರಿಯುವ ಪಿತ್ತಕೋಶದ ನಾಡಿಯದ್ದೆಂದು ಸಾರಿ, ಪಾದಕ್ಕೆ ಸೂಜಿ ಚುಚ್ಚಿದರು. ಅಲ್ಲೇ ನಾದಿನಿಯ ಮನೆಯಲ್ಲಿ ಎಂಟು ದಿನವಿದ್ದು ತಾವು ಪೂರ್ತಿ ಗುಣವಾದಿರಿ. ಹೊಸನಗರದಲ್ಲಿ ಬಸ್ಸಿಳಿದ ಮೂರನೇ ದಿನ ಮತ್ತೆ ಮುಷ್ಕರ ಹೂಡಿದಿರಿ.

ಆಮೇಲೆ ಸಾಗರ. ಅಲ್ಲಿನ ದೊಡ್ಡ ಡಾಕ್ಟರು ಎಕ್ಸರೇ ತೆಗೆಸಿ, ಪಿತ್ತಕೋಶಕ್ಕೆ ಏನೂ ಆಗಿಲ್ಲ, ಸವೆದಿರುವುದು ಕತ್ತಿನ ಮೂಳೆ ಎಂದು ಅಪ್ಪಣೆ ಕೊಡಿಸಿ, ಎಂಟು ದಿನ ಮಲಗಿಸಿ ಮುಲಾಮು ಹಚ್ಚಿಸಿದರು. ಅಲ್ಲೂ ತಾವು ಗುಣವಾದಿರಿ. ಇಲ್ಲಿ ಬಸ್ಸಿಳಿದ ಮೂರನೇ ದಿನ ಮತ್ತೆ ಅದೇ ರಾಗ!

ಈ ವೈದ್ಯರಿಬ್ಬರನ್ನೂ ರಾಜಿ ಮಾಡಿಸಲು ನಾನು ಬರೆದ ಪತ್ರಗಳು, ಅವರ ಉತ್ತರಗಳು ಸೇರಿ ಕಡತ ಈಗ ನಲವತ್ತು ಪುಟವಾಗಿದೆ. ನನ್ನ ಕಸುಬಿನಲ್ಲೇ ಇಷ್ಟು ಚೆಂದದ ಕಡತ ಕಟ್ಟಿರಲಿಲ್ಲ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಸೋಮವಾರ ಯಮುನಮ್ಮನಿಗೆ ಕತ್ತು, ಭುಜ ಅಲುಗದಂತೆ ಎರಡು ತಿಂಗಳ ಪ್ಲಾಸ್ಟರ್ ಪಟ್ಟು ಹಾಕುವುದೇ ಸೈ ಎಂದು ಸಾಗರದವರೂ, ಹಾಕಿಸಿದರೆ ಕೈ ಕೊರಡಾಗುತ್ತದೆಂದು ತೀರ್ಥಹಳ್ಳಿಯವರೂ ಹಟ ಹಿಡಿದಿದ್ದಾರೆ.

ಆದ್ದರಿಂದ ತಾವು ದಯಮಾಡಿ ಭಾನುವಾರದೊಳಗೆ ಕತ್ತಿಗೋ ಪಿತ್ತಕೋಶಕ್ಕೋ ವರ್ಗವಾಗಬೇಕು. ಅದಾಗದಿದ್ದರೆ ಸೋಮ, ಬುಧ, ಶುಕ್ರ ಪಿತ್ತಕೋಶದ ಪರವಾಗಿಯೂ, ಉಳಿದ ದಿನ ಕತ್ತಿನ ಪರವಾಗಿಯೂ ನೋಯಬೇಕು. ಸಾಗರದಲ್ಲೂ ತೀರ್ಥಹಳ್ಳಿಯಲ್ಲೂ ಅಷ್ಟು ಸೌಜನ್ಯದಿಂದಿದ್ದ ತಮಗೆ ಬಡಪಾಯಿ ಹೊಸನಗರದ ಮೇಲೆ ಮಾತ್ರ ಯಾಕಿಷ್ಟು ಕೋಪವೆಂಬುದನ್ನೂ ಲಿಖಿತವಾಗಿ ತಿಳಿಸಬೇಕು.

ತಮ್ಮ ಏಳಿಗೆಯನ್ನೇ ಕಾಯುತ್ತಿರುವ ವಿಶ್ವಾಸಿ,
ಮಂಜುನಾಥಪ್ಪ

ವಿ.ಸೂ.: ಈ ಪತ್ರವನ್ನು ರುಜುವಿಗೆಂದು ಯಮುನಮ್ಮನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು ಅವಳು ಹೇಳಿದ್ದಿಷ್ಟು: "ಅಲ್ಲಿ ಎರಡೂ ಕಡೇಲೂ ನೀರು ಸೇದೋರು ಬೇರೆಯೋರಿದ್ರು. ಇಲ್ಲಿ ಬಾವಿ ರಾಟೆ ಮುರ್ದು ಎಂಟು ತಿಂಗ್ಳಾತು, ಬರೀ ಹಗ್ಗ ಹಿಡ್ದು ಎಳೀತಿದೀನಿ. ನನ್ನನ್ನ ಯಾರಾದ್ರೂ ಕೇಳಿದ್ರಾ?" ರಾಟೆಯ ಬಗ್ಗೆ ನಾನು ಪಂಚಾಯಿತಿಗೆ ಎರಡು ಅರ್ಜಿ ಬರೆದದ್ದೂ, ಬಾವಿ ನಿಮ್ಮದೇ ಹಿತ್ತಲಿನದೆಂದು ಉತ್ತರ ಬಂದದ್ದೂ ನಿಜ. ಸೋಮವಾರದ ಪಟ್ಟು ರದ್ದಾಗಿದೆ. ರಾಟೆ ಬರುವವರೆಗೆ ನೀರು ಸೇದುವ ಕೆಲಸ ನನ್ನದಾಗಿದೆ. ಇವತ್ತು ಬೆಳಿಗ್ಗೆ ಆರು ಕೊಡ ಸೇದಿದೆ. ಈ ಟಿಪ್ಪಣಿಯನ್ನು ಎಡಗೈಯಲ್ಲಿ ಬರೆದಿದ್ದೇನಾದ್ದರಿಂದ ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.