ನನ್ನ ಕುಳ್ಳರ ಮುಂಪಡೆ

ಆಸ್ಟ್ರೇಲಿಯಾದವರ ಫುಟ್‌ಬಾಲನ್ನು ಬರೀ ಕುಳ್ಳರನ್ನು ಮುಂದೆ ನಿಲ್ಲಿಸಿಯೇ ಗೆಲ್ಲಬಹುದು ಎಂಬ ಸತ್ಯವನ್ನು ಕುಶಾಲನಗರದ ಆಸುಪಾಸಿನಲ್ಲಿ ಮೊಟ್ಟಮೊದಲು ಕಂಡುಕೊಂಡವನು ನಾನು. ನನ್ನ ನಂತರ ಅದನ್ನು ಕಂಡುಕೊಳ್ಳುವ ಧೈರ್ಯವನ್ನು ಬೇರೆ ಯಾರೂ ಮಾಡಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಎತ್ತರ ಐದಡಿ ಎರಡಂಗುಲ, ಚಪ್ಪಲಿಯೂ ಸೇರಿ. ನಮ್ಮ ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಹೊಲ ಮಾಡಿಕೊಂಡವರು. ನಮ್ಮ ವಂಶದಲ್ಲಿ ಓಡಿದವರು ಯಾರಾದರೂ ಇದ್ದರೆ ಅದು ಬಸ್ಸಿನ ಹಿಂದೆ ಮಾತ್ರ. ಆದರೆ ನನ್ನ ಹೆಂಡತಿ ಕಾವೇರಮ್ಮ ಕೊಡವರ ಮನೆಯವಳು. ಆ ಮನೆಯಲ್ಲಿ ಮಕ್ಕಳು ನಡೆಯುವುದನ್ನು ಹಾಕಿ ಸ್ಟಿಕ್ ಊರಿಕೊಂಡೇ ಕಲಿಯುತ್ತಾರೆ. ಮದುವೆಯಾದ ಹತ್ತೊಂಬತ್ತು ವರ್ಷಗಳಿಂದ ಪ್ರತಿ ಬೇಸಿಗೆಯಲ್ಲೂ ಅವರ ಕುಟುಂಬದ ಹಾಕಿ ತಂಡ ಆಡುವಾಗ ನನಗೂ ಒಂದು ಸ್ಥಾನವಿದೆ: ನೀರಿನ ಬಾಟಲಿಗಳ ಪಕ್ಕದಲ್ಲಿ. ಯಾರೂ ಅವಮಾನ ಮಾಡುವುದಿಲ್ಲ. "ಮೇಷ್ಟ್ರಿಗೆ ಬಿಸಿಲು ತಾಗದ ಹಾಗೆ ಕುರ್ಚಿ ಹಾಕಿ" ಎಂದು ಪ್ರೀತಿಯಿಂದ ಹೇಳುತ್ತಾರೆ. ಆ ಪ್ರೀತಿಯನ್ನು ತಡೆದುಕೊಳ್ಳುವುದೇ ಕಷ್ಟ! ಆಟ ಮುಗಿಯುವವರೆಗೆ ನಾನು ಕುರ್ಚಿಯಲ್ಲಿ ಎದ್ದು, ಕೂತು, ಮತ್ತೆ ಎದ್ದು, ಆಟಗಾರರಿಗಿಂತ ಹೆಚ್ಚು ಬೆವರುತ್ತೇನೆ.

ಹೀಗಿರುವಾಗ ಈ ವರ್ಷ ಮಳೆ ನಿಂತು ಕಾಫಿ ಪಿಕಿಂಗ್ ಶುರುವಾಗುವ ಮುಂಚೆ, ನಮ್ಮೂರಿನ ಕ್ರೀಡಾ ಸಂಘದ ಸಭೆಯಲ್ಲಿ ಒಂದು ಸುದ್ದಿ ಬಂತು. ಪಾಲಿಬೆಟ್ಟದ ಕಡೆಯ ಒಂದು ಎಸ್ಟೇಟಿನವರು ಆಸ್ಟ್ರೇಲಿಯಾ ಫುಟ್‌ಬಾಲ್ ತಂಡ ಕಟ್ಟಿದ್ದಾರೆ, ನಮ್ಮ ಜೊತೆ ಸ್ನೇಹಪಂದ್ಯ ಬೇಕಂತೆ, ತಂಡಕ್ಕೆ ಒಂಬತ್ತು ಜನ. ಉಳಿದವರು ಅದು ಯಾವ ಆಟ ಎಂದು ವಿಚಾರಿಸುವಷ್ಟರಲ್ಲಿ ಕೋಚ್ ಆಗಲು ನಾನು ಕೈ ಎತ್ತಿಯಾಗಿತ್ತು. ಹಾಕಿಯಲ್ಲಿ ನನಗಿಂತ ತಿಳಿದವರು ಜಿಲ್ಲೆಯಲ್ಲಿ ಮನೆಗೆ ನಾಲ್ಕು ಜನ ಇದ್ದಾರೆ. ಈ ಆಟದಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಜೀವನದಲ್ಲಿ ನನಗೆ ಇಂಥ ಸಮಾನ ಅವಕಾಶ ಮತ್ತೆ ಸಿಗುವುದಿಲ್ಲ!

ಒಂದು ವಾರ ಮೊಬೈಲಿನಲ್ಲಿ ವೀಡಿಯೊ ನೋಡಿದೆ. ಚೆಂಡು ಪಪ್ಪಾಯಿ ಹಣ್ಣಿನ ಹಾಗೆ ಉದ್ದಕ್ಕಿರುತ್ತದೆ. ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು. ದೂರದಿಂದ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದುಬಿಟ್ಟರೆ ಯಾರೂ ಮುಟ್ಟುವಂತಿಲ್ಲ, ಆರಾಮಾಗಿ ನಿಂತು ಒದೆಯಬಹುದು. ಗೋಲಿಗೆ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಆರು ಅಂಕ. ಪಕ್ಕದ ಸಣ್ಣ ಕಂಬದ ಸಂದಿಯಲ್ಲಿ ಹೋದರೆ, ಪಾಪ ಎಂದು ಒಂದು ಅಂಕ.

ಈಗ ನನ್ನ ಸಿದ್ಧಾಂತ. ಗೋಲಿನ ಮುಂದೆ ಎತ್ತರದವರನ್ನು ನಿಲ್ಲಿಸುವುದು ಲೋಕದ ಪದ್ಧತಿ. ಆದರೆ ಎತ್ತರದವರ ಕೈ ತಪ್ಪಿದ ಚೆಂಡು ಎಲ್ಲಿಗೆ ಬರುತ್ತದೆ? ನೆಲಕ್ಕೆ! ನೆಲದ ಹತ್ತಿರ ಇರುವವರು ಯಾರು? ಕುಳ್ಳರು! ಆದ್ದರಿಂದ ಮುಂದಿನ ಮೂರೂ ಜಾಗದಲ್ಲಿ ಚುರುಕಾದ ಕುಳ್ಳರನ್ನೇ ಇಟ್ಟರೆ, ಬಿದ್ದ ಚೆಂಡನ್ನೆಲ್ಲ ಹೆಕ್ಕಿ ಹೆಕ್ಕಿ ಗೋಲು ಹೊಡೆಯಬಹುದು. ದೊಡ್ಡ ದೊಡ್ಡ ತಂಡಗಳೇ ಹೀಗೆ ಮಾಡುತ್ತವೆ ಎಂದು ವೀಡಿಯೊದಲ್ಲಿ ಒಬ್ಬ ಹೇಳಿದ. ಆಮೇಲೆ ಅವನು ಬಹಳ ಹೊತ್ತು ಇನ್ನೂ ಏನೋ ಹೇಳಿದ. ನನಗೆ ಅಷ್ಟು ಹೊತ್ತು ಕೂತು ಕೇಳುವ ತಾಳ್ಮೆ ಇರಲಿಲ್ಲ.

ಹೆಂಡತಿಗೆ ಹಾಳೆಯ ಮೇಲೆ ಬಾಣಗಳನ್ನು ಬರೆದು ವಿವರಿಸಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿದಳು.

"ಎಲ್ಲ ಸರಿ ರೀ. ಎದುರಿನವರ ಜೊತೆ ಮೇಲಕ್ಕೆ ಹಾರಿ, ಚೆಂಡು ಅವರ ಕೈಗೆ ಸಿಗದ ಹಾಗೆ ಬೀಳಿಸೋರು ಯಾರು?"

ನಾನು ಹಾಳೆ ನೋಡಿದೆ. ಅಲ್ಲಿ ಅಂಥ ಬಾಣ ಇರಲಿಲ್ಲ.

"ಗುರುತ್ವಾಕರ್ಷಣೆ!" ಎಂದೆ.

ಅವಳು ಮುಂದಿನ ರೊಟ್ಟಿ ತೆಗೆದುಕೊಂಡಳು.

ಮುಂಪಡೆಯ ಆಯ್ಕೆ ಸುಲಭವಾಯಿತು. ಒಬ್ಬರು ನಮ್ಮ ಶಾಲೆಯ ಸಂಸ್ಕೃತದ ಭಟ್ಟರು. ಬೆಳಿಗ್ಗೆ ದೇವಸ್ಥಾನದ ಪೂಜೆ, ಆಮೇಲೆ ಪಾಠ. ಇನ್ನೊಬ್ಬ ಬಸ್‌ಸ್ಟ್ಯಾಂಡಿನ ಎದುರಿನ ಟೈಲರ್ ಸಲೀಂ. ಮೂರನೆಯವರು ಸಂಪಾಜೆಯ ಕಡೆಯಿಂದ ಬಂದು ಇಲ್ಲಿ ಗುಮಾಸ್ತರಾಗಿರುವ ಕುಶಾಲಪ್ಪ. ಮೂವರನ್ನೂ ಒಬ್ಬರ ಮೇಲೊಬ್ಬರಂತೆ ನಿಲ್ಲಿಸಿದರೆ ತೆಂಗಿನಕಾಯಿ ಕೀಳಬಹುದಿತ್ತು. ಅವರಿಗೆ ಚೆಂಡು ಒದ್ದು ಕೊಡುವ ಕೆಲಸ ಶುಂಠಿ ಬೆಳೆಯುವ ನಂಜೇಗೌಡನದು. ಅವನ ಕಾಲಿನಲ್ಲಿ ಅಪಾರ ಬಲವಿತ್ತು. ದಿಕ್ಕು ಮಾತ್ರ ಒಂದೇ. ಮೇಲಕ್ಕೆ!

ಮುಂದಿನ ಭಾನುವಾರ ಭಾವ ಬಂದರು. ನನ್ನ ಹೆಂಡತಿಯ ಅಣ್ಣ ಬೋಪಯ್ಯ. ಆರಡಿ ಮೂರಂಗುಲ. ಸೈನ್ಯದಿಂದ ನಿವೃತ್ತಿಯಾಗಿ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಆಗಿದ್ದಾರೆ. ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವ ಏಕೈಕ ನೆಂಟರು. ಕಾಫಿ ಕುಡಿಯುತ್ತಾ ಸಂಕೋಚದಿಂದಲೇ ಕೇಳಿದರು.

"ಮೇಷ್ಟ್ರೇ, ನೀವು ಕೋಚ್ ಆಗಿದ್ದೀರಂತೆ, ಸಂತೋಷ. ನಾನು ಬೇಕಾದ್ರೆ ನಿಮ್ಮ ಕಡೆ ಆಡ್ತೀನಿ. ಮುಂದೆ ನಿಲ್ಲಿಸಿದ್ರೆ ನಾಲ್ಕು ಚೆಂಡು ಹಿಡ್ದು ಕೊಡಬಹುದು."

ನಾನು ಗಂಭೀರವಾಗಿ ತಲೆ ಅಲ್ಲಾಡಿಸಿದೆ. "ತಪ್ಪು ತಿಳ್ಕೋಬೇಡಿ ಭಾವ. ನೀವು ಸ್ವಲ್ಪ ಎತ್ತರ ಜಾಸ್ತಿ. ನನ್ನ ಯೋಜನೆಗೆ ಹೊಂದಲ್ಲ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಬಿದ್ದ ಸದ್ದಾಯಿತು. ಅದು ತಾನಾಗಿ ಬಿದ್ದದ್ದಲ್ಲ.

ಭಾವ ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. "ಆಯ್ತು ಬಿಡಿ. ನಮ್ಮ ಎಸ್ಟೇಟಿನವರು ಕರೀತಾನೇ ಇದ್ರು. ನಿಮ್ಮನ್ನ ಒಂದು ಮಾತು ಕೇಳಿ ಹೇಳ್ತೀನಿ ಅಂದಿದ್ದೆ. ಅಲ್ಲೇ ಆಡ್ತೀನಿ."

"ಧಾರಾಳವಾಗಿ!" ಎಂದೆ. ಎದುರಾಳಿಗೆ ನಾನೇ ಕೈಯಾರೆ ಕೊಟ್ಟ ಕೊಡುಗೆ ಅದು. ಅವರು ಹೋದ ಮೇಲೆ ಕಾವೇರಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮಾತಾಡಿದ್ದೂ ನಾನು ನಸುಕಿನಲ್ಲೇ ಎದ್ದು, ಉದ್ದ ಚೆಂಡು ಹೇಗೆ ಪುಟಿಯುತ್ತದೆ ಎಂದು ಪರೀಕ್ಷಿಸಲು ಮಂಗಳೂರು ಸೌತೆಕಾಯಿಯನ್ನು ಹಜಾರದಲ್ಲಿ ಎತ್ತಿ ಹಾಕಿದ್ದರಿಂದ. ಸೌತೆಕಾಯಿ ಪುಟಿಯಲಿಲ್ಲ.

"ಬೀಜ ಎಲ್ಲ ಸೋಫಾ ಕೆಳಗೆ ಹೋಗಿದೆ, ಬಗ್ಗಿ ತೆಗೀರಿ" ಎಂದಳು. "ನಿಮ್ಮ ಪಡೆಗೆ ಬಗ್ಗೋದು ಸುಲಭ ಅಲ್ವಾ?"

ಅಭ್ಯಾಸ ಮಾತ್ರ ಅದ್ಭುತವಾಗಿ ನಡೆಯಿತು. ನಂಜೇಗೌಡ ಮೇಲಕ್ಕೆ ಒದೆಯುವುದು, ಯಾರ ಕೈಗೂ ಸಿಗದೆ ಚೆಂಡು ಬೀಳುವುದು, ಮೂವರೂ ಮುಗಿಬಿದ್ದು ಹೆಕ್ಕುವುದು, ಗೋಲು! ಅಭ್ಯಾಸದಲ್ಲಿ ಎದುರಾಳಿಗಳೂ ನಾವೇ ಆಗಿದ್ದರಿಂದ ದಿನಾ ಗೆದ್ದೆವು.

ಪಂದ್ಯದ ದಿನ ಮೈದಾನದ ಸುತ್ತ ಜನವೋ ಜನ. ಭಾವನ ಕಡೆಯ ನೆಂಟರು ಎರಡು ಜೀಪಿನಲ್ಲಿ ಬಂದಿದ್ದರು, ಕಾವೇರಮ್ಮ ಅವರ ಜೊತೆಯಲ್ಲೇ ಕೂತಿದ್ದಳು. ನನಗೆ ಕಾಲು ನಿಲ್ಲುತ್ತಿಲ್ಲ. ಗೆರೆಯ ಪಕ್ಕದಲ್ಲಿ ಅತ್ತಿಂದಿತ್ತ ನಡೆದು ನಡೆದು ಸುಣ್ಣದ ಗೆರೆಯನ್ನೇ ಅಳಿಸಿಹಾಕಿದೆ. ಅಂಪೈರು ಬಂದು ಮತ್ತೆ ಸುಣ್ಣ ಹಾಕಿಸಿ, "ದಯವಿಟ್ಟು ಹುಲ್ಲಿನ ಮೇಲೆ ನಡೀರಿ" ಎಂದರು.

ಪಾಲಿಬೆಟ್ಟದವರು ಭಾವನನ್ನು ತಮ್ಮ ಗೋಲಿನ ಮುಂದೆ ನಿಲ್ಲಿಸಿದ್ದರು. ಅಂದರೆ ನನ್ನ ಮುಂಪಡೆಯ ನಟ್ಟನಡುವೆ.

ನಂಜೇಗೌಡ ಮೊದಲ ಚೆಂಡು ಒದ್ದ. ಅದು ಮೋಡದ ತನಕ ಹೋಗಿ ಬಂತು. ಕೆಳಗೆ ಭಟ್ಟರು, ಸಲೀಂ, ಕುಶಾಲಪ್ಪ ಮೂವರೂ ತೀರ್ಥಕ್ಕೆ ಕೈಯೊಡ್ಡಿದಂತೆ ಬೊಗಸೆ ಹಿಡಿದು ಭಾವನ ಸುತ್ತ ನಿಂತರು. ಭಾವ ಹಾರಲೂ ಇಲ್ಲ. ಅಟ್ಟದಿಂದ ಡಬ್ಬಿ ಇಳಿಸಿದ ಹಾಗೆ ಎರಡೂ ಕೈ ಎತ್ತಿ ಚೆಂಡು ಇಳಿಸಿಕೊಂಡರು. ಒದ್ದರು. ಆ ಕಡೆ ಗೋಲು.

ಎರಡನೆಯದೂ ಹಾಗೆಯೇ. ಮೂರನೆಯದೂ. ಕುಶಾಲಪ್ಪ ನನ್ನ ಕಡೆ ತಿರುಗಿ ಕೂಗಿದರು. "ಎಂಥದು ಮಾರಾಯ್ರೇ, ಚೆಂಡು ಕೆಳಗೇ ಬರುದಿಲ್ವಲ್ಲ! ನಾವು ಇಲ್ಲಿ ನಿಂತು ಎಂಥ ಮಾಡುದು?"

ವಿರಾಮದಲ್ಲಿ ನಂಜೇಗೌಡನನ್ನು ಹಿಡಿದುಕೊಂಡೆ. "ತಗ್ಗಿಸಿ ಒದಿಯಪ್ಪಾ! ತಲೆ ಮೇಲೆ ಹೋಗ್ಬಾರದು!"

"ಒದಿಯೋವಾಗ ಅಳತೆ ಪಟ್ಟಿ ಹಿಡ್ಕಂಡು ಒದಿಯಕ್ಕಾಯ್ತದಾ ಮೇಷ್ಟ್ರೇ?" ಎಂದ. ಆದರೂ ಪ್ರಯತ್ನಿಸಿದ. ತಗ್ಗಿಸಿ ಒದ್ದ ಚೆಂಡು ನೇರ ಸಲೀಮನ ಬೆನ್ನಿಗೆ ಬಡಿದು, ಪುಟಿದು, ಎದುರಾಳಿಯ ಕೈ ಸೇರಿತು. ಆ ಕಡೆ ಮತ್ತೆ ಗೋಲು. ಸಲೀಂ ಬೆನ್ನು ಉಜ್ಜಿಕೊಳ್ಳುತ್ತಾ, "ಸಾರ್, ಮೇಲೇ ಒದೀಲಿ. ಅದು ನೋವಾಗಲ್ಲ" ಎಂದ.

ಆಗ ನನಗೆ ವೀಡಿಯೊದ ಇನ್ನೊಂದು ದೃಶ್ಯ ಹೊಳೆಯಿತು. ಈ ಆಟದಲ್ಲಿ ಎದುರಾಳಿಯ ಭುಜದ ಮೇಲೆ ಮೊಣಕಾಲೂರಿ ಹಾರಿ ಚೆಂಡು ಹಿಡಿಯಬಹುದು! ನಿಯಮದಲ್ಲೇ ಇದೆ! ಭಟ್ಟರನ್ನು ಕರೆದು, "ನೀವು ಹಗುರ ಇದ್ದೀರಿ. ಚೆಂಡು ಬಂದಾಗ ಭಾವನ ಬೆನ್ನು ಹತ್ತಿ" ಎಂದೆ.

"ಮೇಷ್ಟ್ರೇ, ಪರಿಚಯದವರು. ಚೆನ್ನಾಗಿರುತ್ಯೇ?"

"ನಿಯಮದಲ್ಲಿದೆ ಭಟ್ರೇ!"

ನಿಯಮದಲ್ಲಿದೆ ಎಂದರೆ ಭಟ್ಟರು ಏನನ್ನೂ ಮಾಡುತ್ತಾರೆ. ಮುಂದಿನ ಚೆಂಡು ಮೇಲಿನಿಂದ ಇಳಿಯುತ್ತಿದ್ದಾಗ ಓಡಿಬಂದು ಹಾರಿದರು. ಭುಜದವರೆಗೆ ಹೋಗಲಿಲ್ಲ. ಸೊಂಟದ ಮೇಲೆ ಹೋಗಿ, ಬಿದ್ದೇನೆಂಬ ಭಯದಲ್ಲಿ ಎರಡೂ ಕೈಗಳಿಂದ ಭಾವನ ಕುತ್ತಿಗೆ ತಬ್ಬಿಕೊಂಡರು. ಭಾವ ಚೆಂಡು ಹಿಡಿದರು. ಬೆನ್ನಿನ ಮೇಲೆ ಏನಿದೆ ಎಂದು ವಿಚಾರಿಸದೆ ಓಡತೊಡಗಿದರು. ಕಣ್ಣು ಮುಚ್ಚಿದ ಭಟ್ಟರು ಬಾಯಲ್ಲಿ ಏನನ್ನೋ ಜಪಿಸುತ್ತಾ ಮೈದಾನದ ಮಧ್ಯದವರೆಗೆ ಸವಾರಿ ಹೋದರು. ಅಂಪೈರಿಗೆ ನಗು ಬಂದು ಸೀಟಿ ಊದಲಾಗಲಿಲ್ಲ.

ಭಾವ ನಿಂತು ಹಿಂದೆ ತಿರುಗಿ ಕೇಳಿದರು. "ಇಳೀತೀರಾ ಭಟ್ರೇ, ಇಲ್ಲ ಪಾಲಿಬೆಟ್ಟಕ್ಕೇ ಬರ್ತೀರಾ?"

ಇಳಿಯುವಾಗ ಭಟ್ಟರ ಕಾಲು ಉಳುಕಿತು. ಬದಲಿ ಆಟಗಾರರು ಇರಲಿಲ್ಲ, ಅದನ್ನೂ ನಾನು ಮರೆತಿದ್ದೆ. ಹೀಗೆ ಕೊನೆಯ ಹತ್ತು ನಿಮಿಷಕ್ಕೆ ನಾನೇ ಪ್ಯಾಂಟು ಮಡಚಿಕೊಂಡು ಮೈದಾನಕ್ಕಿಳಿದೆ. ಪಾಲಿಬೆಟ್ಟ ಐವತ್ತೈದು, ನಾವು ಸೊನ್ನೆ. ಜೀಪಿನ ಕಡೆ ನೋಡಲು ಧೈರ್ಯವಾಗಲಿಲ್ಲ. ಭಾವನ ಪಕ್ಕದಲ್ಲಿ ನಿಂತಾಗ ನನ್ನ ಕಣ್ಣಿಗೆ ಅವರ ಅಂಗಿಯ ಮೂರನೇ ಗುಂಡಿ ನೇರವಾಗಿತ್ತು.

"ನೀರು ಕುಡಿದ್ರಾ ಮೇಷ್ಟ್ರೇ?" ಎಂದರು. ಎದುರಾಳಿಯನ್ನು ಹೀಗೆ ಉಪಚರಿಸಿದರೆ ದ್ವೇಷ ಇಟ್ಟುಕೊಳ್ಳುವುದು ಹೇಗೆ?

ನಂಜೇಗೌಡ ಒದ್ದ. ಚೆಂಡು ಇಳಿಯಿತು. ಭಾವ ಕೈ ಎತ್ತಿದರು. ಆಗ ನಡೆಯಿತು ನೋಡಿ! ಚೆಂಡು ಭಾವನ ಬೆರಳಿನಿಂದ ಜಾರಿತು. ನೆಲಕ್ಕೆ ಬಿತ್ತು. ನನ್ನ ಕಾಲ ಬುಡದಲ್ಲಿ! ಒಮ್ಮೆ ಎಡಕ್ಕೆ ಪುಟಿದು, ಮನಸ್ಸು ಬದಲಾಯಿಸಿ ನನ್ನ ಎದೆಗೇ ಬಂದು ಬಡಿಯಿತು. ನಾನು ಅಪ್ಪಿಕೊಂಡೆ. ಎದುರಿಗೆ ಕಂಬಗಳು, ಮಧ್ಯೆ ಯಾರೂ ಇಲ್ಲ. ಕಣ್ಣು ಮುಚ್ಚಿ ಒದ್ದೆ. ತೆರೆದಾಗ ಗೋಲಿನ ಹತ್ತಿರ ಬಿಳಿ ಬಾವುಟ ಹಾರುತ್ತಿತ್ತು!

ಆರು ಅಂಕಕ್ಕೆ ಎರಡು ಬಾವುಟ ಬೀಸುತ್ತಾರೆ ಎಂದು ನನಗೆ ಗೊತ್ತಿತ್ತು. ಇದು ಒಂದೇ ಇತ್ತು. ಇನ್ನೊಂದನ್ನು ಎಲ್ಲೋ ಬೀಳಿಸಿಕೊಂಡಿರಬೇಕು ಎಂದುಕೊಂಡೆ.

ಎರಡೂ ಕೈ ಮೇಲೆತ್ತಿ ಓಡಿದೆ. ಜೀಪಿನ ಮುಂದೆ ಓಡಿದೆ. ಕುಂಟುತ್ತಿದ್ದ ಭಟ್ಟರನ್ನು ಅಪ್ಪಿದೆ. ಗೆರೆ ದಾಟಿ ಐಸ್‌ಕ್ರೀಂ ಗಾಡಿಯವನ ಕೈ ಕುಲುಕಿದೆ. ಆ ಹೊತ್ತಿಗೆ ಎಂಟೇ ಜನ ಉಳಿದಿದ್ದ ನನ್ನ ತಂಡಕ್ಕೆ ಪಾಲಿಬೆಟ್ಟದವರು ಇನ್ನೂ ಎರಡು ಗೋಲು ಹೊಡೆದು, ಅಂಪೈರು ಸೀಟಿ ಊದಿ, ಪಂದ್ಯ ಮುಗಿದಿತ್ತು. ಮೈಕಿನಲ್ಲಿ ಹೇಳಿದರು: "ಪಾಲಿಬೆಟ್ಟ ಅರವತ್ತೇಳು. ಕುಶಾಲನಗರ ಒಂದು."

ಸಂಜೆ ಭಾವ ನಮ್ಮ ಮನೆಗೇ ಕಾಫಿಗೆ ಬಂದರು. ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನಗೆ ಬರುವುದಿಲ್ಲ.

"ಅಂಕ ಬಿಡಿ ಭಾವ. ಸಿದ್ಧಾಂತ ಸರಿ ಅಂತ ಕೊನೆಗೆ ಗೊತ್ತಾಯ್ತಲ್ಲ! ಚೆಂಡು ಬಿತ್ತು. ಕುಳ್ಳ ಹೆಕ್ಕಿದ!"

ಭಾವ ಕಿಟಕಿಯ ಕಡೆ ನೋಡಿದರು. ಕಾವೇರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಡೆಯಲಾಗದೆ ಹೇಳಿಯೇಬಿಟ್ಟಳು.

"ಅದು ಬಿದ್ದದ್ದಲ್ಲ ರೀ. ನಾನೇ ಗೆರೆ ಹತ್ರ ಹೋಗಿ, 'ಅಣ್ಣಯ್ಯ, ಒಂದೇ ಒಂದು ಬಿಟ್ಟುಕೊಡು, ಇವರ ಮುಖ ನೋಡಕ್ಕಾಗ್ತಿಲ್ಲ' ಅಂದೆ."

ಕೋಪ ಬರಬೇಕಿತ್ತು. ಬರಲಿಲ್ಲ. ನಾನು ಬೇಡವೆಂದು ಕಳಿಸಿದ ಮನುಷ್ಯ, ಎರಡು ಜೀಪು ತುಂಬ ನೆಂಟರ ಮುಂದೆ, ನನಗಾಗಿ ಬೇಕೆಂದೇ ಕೈ ಜಾರಿಸಿದ್ದ.

ಭಾವ ಅಪರಾಧಿಯಂತೆ ಕೆಮ್ಮಿದರು. "ಇನ್ನೂ ಎರಡು ಬಿಡೋಣ ಅಂತಾನೇ ಇದ್ದೆ ಮೇಷ್ಟ್ರೇ. ತಿರುಗಿ ನೋಡಿದ್ರೆ ನೀವು ಐಸ್‌ಕ್ರೀಂ ಗಾಡಿ ಹತ್ರ ಇದ್ರಿ."

ನಾನು ಎದ್ದು ಎರಡು ಸುತ್ತು ಹಜಾರದಲ್ಲಿ ಓಡಾಡಿದೆ. ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಆ ಎರಡನ್ನೂ ಬಿಟ್ಟಿದ್ರೆ, ನಮ್ಮದು ಒಟ್ಟು ಎಷ್ಟಾಗ್ತಿತ್ತು ಭಾವ?"

ಭಾವ ಸುಳ್ಳು ಹೇಳುವ ಮನುಷ್ಯರಲ್ಲ. ಲೋಟ ಕೆಳಗಿಟ್ಟು ಪ್ರಾಮಾಣಿಕವಾಗಿ ಯೋಚಿಸಿದರು.

"ನೀವೇ ಒದ್ದಿದ್ರೆ..." ಎಂದರು. "ಮೂರು."