ಸ್ಕೋರ್ ಹೇಳಬಾರದ ದಿನ

ಹಲಸೂರಿನ ನಮ್ಮ ಬೀದಿಯಲ್ಲಿ ಏನೇ ಎಡವಟ್ಟಾಗಲಿ, ಅದರ ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಒಂದು ಫುಟ್‌ಬಾಲ್. ಒಂದು ಬೆಳಿಗ್ಗೆ ನೀರಿನ ಟ್ಯಾಂಕರ್ ಬರಲಿಲ್ಲವೆಂದು ಕೊಡ ಹಿಡಿದು ಹುಡುಕಿಕೊಂಡು ಹೋದೆವು. ಡ್ರೈವರ್ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, ಎರಡು ಚಪ್ಪಲಿಗಳ ನಡುವೆ ಗೋಲ್‌ಕೀಪರ್ ಆಗಿ ನಿಂತಿದ್ದ. ಒಂದು ಮದುವೆ ದಿಬ್ಬಣ ಪೆನಾಲ್ಟಿ ಮುಗಿಯುವವರೆಗೆ ಕಾದು ನಿಂತದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಕಾಯೋಣ ಎಂದವನು ಮದುಮಗನೇ ಅಂತೆ. ನಾನು ಹಾವೇರಿಯವಳು, ಕುಸ್ತಿ ಕಬಡ್ಡಿ ನೋಡಿ ಬೆಳೆದವಳು. ಬೈಯಪ್ಪನಹಳ್ಳಿವರೆಗೆ ಮೆಟ್ರೋ, ಅಲ್ಲಿಂದ ಮಹದೇವಪುರದ ಆಫೀಸಿಗೆ ಬಸ್ಸು, ಅನುಕೂಲ ಎಂದು ಇಲ್ಲಿ ಮಹಡಿ ಮನೆ ಹಿಡಿದೆ. ಇಂಥ ಬೀದಿ ಎಂದು ಬ್ರೋಕರ್ ಒಂದು ಮಾತೂ ಹೇಳಿರಲಿಲ್ಲ.

ಬಾಡಿಗೆಗೆ ಮುಂಚಿನ ಪ್ರಶ್ನೆ

ಮನೆ ಓನರ್ ಎಪ್ಪತ್ತು ದಾಟಿದವರು. ಕಾರ್ಖಾನೆಯಿಂದ ನಿವೃತ್ತರು. ಬೀದಿಯ ಹುಡುಗರಿಗೆಲ್ಲ ಚೆಂಡು ಒದೆಯುವುದನ್ನು ಕಲಿಸಿದವರು, ಈಗ ಆ ಹುಡುಗರ ಮಕ್ಕಳಿಗೂ ಕಲಿಸುತ್ತಿರುವವರು. ಎಲ್ಲರಿಗೂ ಅವರು ಮಾಸ್ಟರ್. ಮನೆ ನೋಡಲು ಹೋದ ದಿನ ನಾನು ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ: ಊಟ ಏನು, ಮದುವೆ ಯಾವಾಗ, ರಾತ್ರಿ ಎಷ್ಟು ಹೊತ್ತಿಗೆ ಬರುವುದು. ಬೆಂಗಳೂರಿನ ಓನರ್‌ಗಳು ಕೇಳುವುದು ಅವೇ ತಾನೆ.

ಮಾಸ್ಟರ್ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಬ್ರೆಜಿಲ್ಲಾ, ಅರ್ಜೆಂಟೀನಾನಾ?"

"ಹಾವೇರಿ ರೀ" ಎಂದೆ.

ಬೀದಿಯ ಎಡಗಡೆ ಮನೆಗಳೆಲ್ಲ ಬ್ರೆಜಿಲ್, ಬಲಗಡೆಯವು ಅರ್ಜೆಂಟೀನಾ ಎಂದು ಆಮೇಲೆ ತಿಳಿಯಿತು. ಮಾಸ್ಟರ್ ಮನೆ ಬಲಗಡೆಯದು. ಅವರು ಹೆಂಡತಿಯತ್ತ ತಿರುಗಿದರು. "ಬ್ರೆಜಿಲ್ ಅಂದಿದ್ರೆ ಕಷ್ಟ ಆಗ್ತಿತ್ತು. ಹಾವೇರಿ ಪರವಾಗಿಲ್ಲ, ಅದಿನ್ನೂ ಕ್ವಾಲಿಫೈ ಆಗಿಲ್ಲ. ಕೀ ಕೊಡು."

ಎರಡು ಮನೆ ದೊಡ್ಡ ಸೊಸೆಯರು

ಒಂದು ಸಂಜೆ ಆಫೀಸಿನಿಂದ ಬಂದವಳನ್ನು ಮಾಸ್ಟರ್ ಗೇಟಿನಲ್ಲೇ ನಿಲ್ಲಿಸಿಕೊಂಡರು. ದಕ್ಷಿಣ ಅಮೆರಿಕ ಖಂಡವನ್ನು ಗೆದ್ದ ಅರ್ಜೆಂಟೀನಾ, ಯೂರೋಪ್ ಖಂಡವನ್ನು ಗೆದ್ದ ಇಟಲಿ, ಎರಡೂ ಲಂಡನ್ನಿನಲ್ಲಿ ಒಂದೇ ಒಂದು ಮ್ಯಾಚ್ ಆಡುತ್ತವಂತೆ. ಹೀಗೆ ಎರಡು ಖಂಡಗಳ ಚಾಂಪಿಯನ್ನರು ಎದುರುಬದುರಾಗುವುದು ಬಹಳ ಅಪರೂಪವಂತೆ.

"ಇಬ್ಬರೂ ಗೆದ್ದಾರಲ್ರಿ, ಮತ್ಯಾಕ ಆಡ್ಬೇಕು?" ಎಂದೆ.

ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಆಂಟಿ, ಅಂದರೆ ಅವರ ಹೆಂಡತಿ, ತಲೆ ಎತ್ತದೆ ಹೇಳಿದರು: "ಎರಡು ಮನೆ ದೊಡ್ಡ ಸೊಸೆಯರು ಒಂದೇ ಛತ್ರದ ಅಡುಗೆಮನೆಗೆ ಬಂದಂಗೆ ಕಣಮ್ಮ. ಯಾರ ಮಾತು ನಡೀಬೇಕು ಅಂತ ಗೊತ್ತಾಗ್ಬೇಕಲ್ಲ." ನನಗೆ ಫುಟ್‌ಬಾಲ್ ಅರ್ಥವಾದದ್ದು ಅದೇ ಮೊದಲು.

ತೊಂದರೆ ಏನೆಂದರೆ, ಮ್ಯಾಚ್ ಶುರುವಾಗುವುದು ನಮ್ಮ ಮಧ್ಯರಾತ್ರಿಗೆ. ಮಾಸ್ಟರ್‌ಗೆ ಬಿಪಿ. ನಿದ್ದೆಗೆಡಬಾರದು ಎಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. ಜೊತೆಗೆ ಹಿಂದೊಂದು ಫೈನಲ್‌ನಲ್ಲಿ ಗೋಲು ಬಿದ್ದಾಗ ಅವರು ತಾವೇ ಹೊಡೆದವರಂತೆ ಕಾಲು ಬೀಸಿ, ಎದುರಿಗಿದ್ದ ತೇಗದ ಟೀಪಾಯ್‌ಗೆ ಒದ್ದು ಹೆಬ್ಬೆರಳು ಮುರಿದುಕೊಂಡಿದ್ದರು. ಆ ಟೀಪಾಯ್ ಆಂಟಿಯ ತವರಿನದು. ಎರಡು ನೋವೂ ಆಂಟಿಗೆ ಇನ್ನೂ ಮಾಸಿರಲಿಲ್ಲ. ಲೈವ್ ನೋಡುವುದು ಬೇಡವೇ ಬೇಡ ಎಂದು ಪಟ್ಟು ಹಿಡಿದರು.

ಮಾಸ್ಟರ್ ಕೊನೆಗೆ ಒಂದು ಕರಾರಿಗೆ ಬಂದರು. "ಸರಿ, ರೆಕಾರ್ಡ್ ಮಾಡಿ. ಮಾರನೇ ದಿನ ಸಂಜೆ ನೋಡ್ತೀನಿ. ಆದ್ರೆ ಅಲ್ಲೀವರ್ಗೂ ಒಬ್ಬರೂ ನಂಗೆ ಸ್ಕೋರ್ ಹೇಳ್ಬಾರ್ದು. ಗೊತ್ತಾಗ್ಬಿಟ್ರೆ ಅದು ಮ್ಯಾಚ್ ಅಲ್ಲ, ಸುದ್ದಿ." ಆಮೇಲೆ ದನಿ ತಗ್ಗಿಸಿ, "ಇಂಥ ಮ್ಯಾಚ್ ಇನ್ಯಾವಾಗ ಬರುತ್ತೋ. ಬಂದಾಗ ನಾನಿರ್ತೀನೋ ಇಲ್ವೋ" ಎಂದರು.

"ನೀವು ಇರ್ತೀರ ಬಿಡಿ" ಎಂದರು ಆಂಟಿ. "ಟೀಪಾಯ್ ಇರುತ್ತೋ ಇಲ್ವೋ."

ಕತ್ತರಿ ಆಡಿಸಿದ ಪೇಪರ್

ಮ್ಯಾಚ್ ನಡೆದ ಮಾರನೇ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಆಂಟಿ ಸೆರಗು ಬಿಗಿದು ನಿಂತಿದ್ದರು. ಟಿವಿ ರಿಮೋಟ್ ಅವರ ಸೊಂಟದಲ್ಲಿತ್ತು. ಗಂಡನ ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದರು. ಅಕ್ಕಿ ಆಗಾಗ ರಿಂಗ್ ಆಗುತ್ತಿತ್ತು. ಪೇಪರಿನ ಕ್ರೀಡಾ ಪುಟವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಗಂಡನ ಕೈಗೆ ಕೊಟ್ಟಿದ್ದರು.

"ಮ್ಯಾಚ್ ಮುಗಿಯೋ ಮುಂಚೆನೇ ಈ ಪೇಪರ್ ಪ್ರಿಂಟಾಗಿದೆ ಕಣೇ" ಎಂದರು ಮಾಸ್ಟರ್.

"ಇರ್ಬಹುದು. ಬರೆಯೋರಿಗೆ ಮೊದ್ಲೇ ಗೊತ್ತಿದ್ರೆ?"

ದಿನವಿಡೀ ಮಾಸ್ಟರ್ ಜೊತೆಗಿದ್ದು, ಯಾರೂ ಬಾಯಿ ಬಿಡದಂತೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಮಾಸ್ಟರ್ ಬಿಟ್ಟರೆ ಬೀದಿಯಲ್ಲಿ ಸ್ಕೋರ್ ಗೊತ್ತಿಲ್ಲದವಳು ನಾನೊಬ್ಬಳೇ. ಗೊತ್ತಾಗಲೂ ಬಾರದು, ಮುಖದಲ್ಲಿ ಕಾಣಿಸಿಬಿಡುತ್ತದೆ ಎಂದು ಆಂಟಿಯ ಆಜ್ಞೆ. ರಜೆ ಕೇಳಲು ಮ್ಯಾನೇಜರ್‌ಗೆ ಫೋನ್ ಮಾಡಿದೆ. ಯಾಕೆ ಎಂದರು. ಸುಳ್ಳು ತೋಚದೆ, ನಮ್ಮ ಓನರ್ ರಾತ್ರಿಯ ಮ್ಯಾಚ್ ಇನ್ನೂ ನೋಡಿಲ್ಲ ಸರ್ ಎಂದೆ. "ಓ, ನಾನು ನೋಡ್ದೆ, ಏನು ಆಟ ಅಂತೀರ" ಎಂದು ಶುರುಮಾಡಿದರು. ಮ್ಯಾನೇಜರ್ ಮಾತಾಡುತ್ತಿರುವಾಗ ಫೋನ್ ಕಟ್ ಮಾಡಿದ್ದು ನನ್ನ ನೌಕರಿಯಲ್ಲೇ ಅದು ಮೊದಲು, ಮತ್ತು ಹಾಗೆ ಕಟ್ ಮಾಡಿದ್ದಕ್ಕೆ ಮೆಸೇಜಿನಲ್ಲಿ ರಜೆ ಸಿಕ್ಕಿದ್ದೂ ಮೊದಲು.

ಸ್ವೆಟರ್ ಹಾಕಿಕೊಂಡ ಬೀದಿ

ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಮ್ಯಾಚ್ ಮುಗಿದ ಮಾರನೇ ದಿನ, ಸೋತ ಕಡೆಯವರು ಗೆದ್ದ ತಂಡದ ಜರ್ಸಿ ಹಾಕಿಕೊಂಡು ಓಡಾಡಬೇಕು. ಬ್ರೆಜಿಲ್ ಮನೆಗಳವರು ಈ ಮ್ಯಾಚಿಗೆ ಇಟಲಿಯ ಪರ ನಿಂತಿದ್ದರು. ಇಟಲಿ ಮೇಲೆ ಪ್ರೀತಿ ಅಂತಲ್ಲ, ಬಲಗಡೆಯ ಮನೆಗಳು ಖುಷಿಯಾಗಿರುವುದನ್ನು ನೋಡಲಾಗುವುದಿಲ್ಲ, ಅಷ್ಟೇ. ಹೀಗಾಗಿ ಯಾರ ಮೈಮೇಲೆ ಯಾವ ಜರ್ಸಿ ಇದೆ ಎಂದು ನೋಡಿದರೆ ಸಾಕು, ಸ್ಕೋರ್ ಬಯಲು.

ಆಂಟಿ ಅದಕ್ಕೂ ಉಪಾಯ ಹೂಡಿದ್ದರು. ಎಡ ಬಲ ಎನ್ನದೆ ಎಲ್ಲರೂ ಮೇಲೊಂದು ಸ್ವೆಟರ್ ಹಾಕಿಕೊಳ್ಳಬೇಕು ಎಂದು ಮನೆಮನೆಗೆ ಹೇಳಿ ಬಂದಿದ್ದರು. ಹತ್ತು ಗಂಟೆಯ ಬಿಸಿಲಿಗೆ ಬೀದಿ ಇಡೀ ಊಟಿಗೆ ಹೊರಟಂತೆ ಕಾಣುತ್ತಿತ್ತು. ಹಾಲಿನವನಿಗೆ ಸ್ವೆಟರ್, ಇಸ್ತ್ರಿಯವನಿಗೆ ಸ್ವೆಟರ್. ಕೆಂಡದ ಪೆಟ್ಟಿಗೆ ಹಿಡಿದು ಬೆವರು ಸುರಿಸುತ್ತಿದ್ದ ಇಸ್ತ್ರಿಯವನನ್ನು ಕಂಡು ನನಗೇ ಸಂಕಟವಾಯಿತು.

ಆದರೆ ಮುಖಕ್ಕೆ ಸ್ವೆಟರ್ ಹಾಕಲು ಬರುವುದಿಲ್ಲವಲ್ಲ. ಟೀ ಅಂಗಡಿಯವನು ಅರ್ಜೆಂಟೀನಾ ಕಡೆಯವನು, ದಿನಾ ಮಾಸ್ಟರ್ ಕಾಲೆಳೆಯುವವನು. ಆವತ್ತು ಸಾವಿನ ಮನೆಯಲ್ಲಿ ಕೊಡುವಂತೆ ತಲೆ ತಗ್ಗಿಸಿ ಟೀ ಕೊಟ್ಟ. ಎದುರಿನ ಕಟಿಂಗ್ ಶಾಪ್‌ನವನು ಬ್ರೆಜಿಲ್ ಕಡೆಯ ಮುಖಂಡ. ಅವನು ಹಲ್ಲು ಮೂವತ್ತೆರಡನ್ನೂ ತೋರಿಸಿ, "ಚೆನ್ನಾಗಿದೀರಾ ಮಾಸ್ಟರ್, ತುಂಬಾ ಚೆನ್ನಾಗಿದೀನಿ ನಾನು" ಎಂದ.

ಮಾಸ್ಟರ್ ಟೀ ಅರ್ಧಕ್ಕೇ ಇಟ್ಟರು. "ನೋಡ್ದೇನಮ್ಮ" ಎಂದು ಮೆಲ್ಲಗೆ ಕೇಳಿದರು.

"ಏನ್ರಿ?"

"ಏನಿಲ್ಲ. ಆ ಕಟಿಂಗ್‌ನೋನು ನನ್ನ ನೋಡಿ ನಕ್ಕಿದ್ದು ಇದೇ ಫಸ್ಟು."

ಶಿವಾಜಿನಗರದ ಸಂತಾಪ

ಬೀದಿಯಲ್ಲಿದ್ದರೆ ಅಪಾಯ ಎಂದು ಆಂಟಿ ನಮ್ಮಿಬ್ಬರನ್ನು ಮಟನ್ ತರಲು ಶಿವಾಜಿನಗರಕ್ಕೆ ಅಟ್ಟಿದರು. ಆಟೋದಲ್ಲಿ ರೇಡಿಯೋ ಹಾಡುತ್ತಿತ್ತು. ನಡುವೆ ಸುದ್ದಿ ಬಂದೀತೆಂದು ಆಫ್ ಮಾಡಿಸಿದೆ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ, "ಯಾರಾದ್ರೂ ಹೋಗ್ಬಿಟ್ರಾ?" ಎಂದು ವಿಚಾರಿಸಿದ. ಇನ್ನೂ ಗೊತ್ತಿಲ್ಲ ಎಂದರು ಮಾಸ್ಟರ್.

ಮಾರ್ಕೆಟ್ಟಿನ ಮಟನ್ ಭಾಯ್ ಮಾಸ್ಟರ್‌ಗೆ ಹಳೆಯ ಸ್ನೇಹಿತರು, ಅವರಂತೆಯೇ ಅರ್ಜೆಂಟೀನಾ. ಆಂಟಿ ಅವರಿಗೂ ಮೊದಲೇ ಫೋನ್ ಮಾಡಿ ಎಚ್ಚರಿಸಿದ್ದರು. ಮ್ಯಾಚಿನ ಬಗ್ಗೆ ಭಾಯ್ ಒಂದು ಮಾತೂ ಆಡಲಿಲ್ಲ. ತೂಕ ಮುಗಿದ ಮೇಲೆ ಮಜ್ಜೆ ತುಂಬಿದ ನಲ್ಲಿ ಮೂಳೆ ನಾಲ್ಕು ಪುಕ್ಕಟೆ ಹಾಕಿದರು. ಆಮೇಲೆ ಅಂಗಡಿಯ ಕಟ್ಟೆಯಿಂದ ಇಳಿದು ಬಂದು, ಕೈ ಒರೆಸಿಕೊಂಡು, ಮಾಸ್ಟರ್ ಭುಜದ ಮೇಲೆ ಕೈಯಿಟ್ಟರು. "ಸೂಪ್ ಮಾಡಿಸ್ಕೊಂಡು ಕುಡೀರಿ ಸಾಬ್. ಸಬ್ ಠೀಕ್ ಹೋತಾ, ಎಲ್ಲ ಸರಿಹೋಗುತ್ತೆ."

ಮಾಸ್ಟರ್ ಮುಖ ಬಿದ್ದುಹೋಯಿತು. ನನಗೂ ಅನುಮಾನ ಉಳಿಯಲಿಲ್ಲ. ಅರ್ಜೆಂಟೀನಾ ಸೋತಿದೆ, ಇಡೀ ಬೀದಿ ಈ ಮುದುಕರ ಎದೆ ಒಡೆಯದಿರಲಿ ಎಂದು ನಾಟಕವಾಡುತ್ತಿದೆ. ಮನೆ ಸೇರಿದರೆ ಆಂಟಿ ಇನ್ನೂ ಅನ್ನಕ್ಕೇ ಇಟ್ಟಿರಲಿಲ್ಲ. ಗ್ಯಾಸ್ ಮುಗಿದಿದೆ ಎಂದರು. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಟೀಪಾಯ್

ಸಂಜೆ ಬೀದಿಗೆ ಬೀದಿಯೇ ಮಾಸ್ಟರ್ ಮನೆಯ ನಡುಮನೆಯಲ್ಲಿ ತುಂಬಿಕೊಂಡಿತು, ಸ್ವೆಟರ್ ಸಮೇತ. ಮಾಸ್ಟರ್ ಮಾತ್ರ ರೂಮಿನಿಂದ ಹೊರಗೆ ಬರಲಿಲ್ಲ. "ನೀವೆಲ್ಲ ನೋಡ್ಕೊಳ್ಳಿ. ನಂಗೆ ಗೊತ್ತಾಗಿದೆ" ಎಂದು ಒಳಗಿನಿಂದಲೇ ಹೇಳಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ.

ಕೊನೆಗೆ ಆಂಟಿ ರೂಮಿನ ಬಾಗಿಲಿಗೆ ಹೋಗಿ ನಿಂತರು. "ಸೋಲ್ತೀವಿ ಅಂತ ಗೊತ್ತಾದ್ರೆ ಗ್ರೌಂಡ್ ಬಿಟ್ಟು ಬರ್ಬೋದು ಅಂತ ಹುಡುಗ್ರಿಗೆ ಯಾವಾಗ್ ಹೇಳ್ಕೊಟ್ರಿ?"

ಮಾಸ್ಟರ್ ತೆಪ್ಪಗೆ ಎದ್ದು ಬಂದು ಕುರ್ಚಿಯಲ್ಲಿ ಕುಳಿತರು. ಎದುರಿಗೆ ಅದೇ ತೇಗದ ಟೀಪಾಯ್, ಅದರ ಮೇಲೆ ಕಾಫಿ ಲೋಟ. ಮ್ಯಾಚ್ ಶುರುವಾಯಿತು. ಅವರು ಸೋಲನ್ನು ಕಾಯುತ್ತಾ ಕೈಕಟ್ಟಿಕೊಂಡು ಕೂತಿದ್ದರು.

ಸ್ವಲ್ಪ ಹೊತ್ತಿಗೆ ಆಂಟಿ ಅಡುಗೆಮನೆಯಿಂದ ಬಂದರು. ಟಿವಿಯತ್ತ ನೋಡಲೂ ಇಲ್ಲ. ಲೋಟ ಎತ್ತಿಕೊಂಡು, ಟೀಪಾಯನ್ನು ಗೋಡೆಯವರೆಗೂ ಸರಿಸಿ ನಿಂತರು. ಮರುಕ್ಷಣ ಅರ್ಜೆಂಟೀನಾ ಗೋಲು ಹೊಡೆಯಿತು. ಮಾಸ್ಟರ್ ಬಲಗಾಲು ಖಾಲಿ ಗಾಳಿಯಲ್ಲಿ ಬೀಸಿ ಬಂತು. ಆಂಟಿ ಟೀಪಾಯ್ ಮತ್ತೆ ಮುಂದಿಟ್ಟು, ಕಾಫಿ ಇಟ್ಟು, ಒಳಗೆ ಹೋದರು.

ಹಾಫ್ ಟೈಮಿಗೆ ಮುಂಚೆ ಅವರು ಮತ್ತೆ ಬಂದರು, ಟೀಪಾಯ್ ಸರಿಯಿತು, ಎರಡನೇ ಗೋಲು ಬಿತ್ತು. ಬೀದಿಯವರಿಗೆ ಇನ್ನು ತಡೆಯಲಾಗಲಿಲ್ಲ, ಸ್ವೆಟರ್‌ಗಳು ಕಳಚಿದವು. ಕಟಿಂಗ್ ಶಾಪ್‌ನವನ ಸ್ವೆಟರ್ ಕೆಳಗೆ ಅರ್ಜೆಂಟೀನಾದ ನೀಲಿ ಬಿಳಿ ಪಟ್ಟೆ ಕಂಡಾಗ ನನಗೆ ಎಲ್ಲ ಹೊಳೆಯಿತು. ಗೆದ್ದವರು ನಗು ಬಚ್ಚಿಡಲು ಹೋಗಿ ಅಳುಮುಖ ಮಾಡಿದ್ದರು, ಸೋತವರು ಸೋಲು ಬಚ್ಚಿಡಲು ನಕ್ಕಿದ್ದರು.

ಮಾಸ್ಟರ್ ಮಾತ್ರ ಹೆಂಡತಿಯನ್ನೇ ನೋಡುತ್ತಿದ್ದರು. "ನೀನು ಯಾವಾಗ ನೋಡ್ದೆ ಮ್ಯಾಚು?"

"ನಿಮ್ಮಿಬ್ರನ್ನ ಮಟನ್‌ಗೆ ಕಳ್ಸಿದ್ನಲ್ಲ, ಆಗ. ಬೆರಳು ಮುರ್ಕೊಂಡ್ರೆ ಸೇವೆ ಮಾಡೋಳು ಯಾರು?"

"ಸ್ಕೋರ್ ಹೇಳ್ಬೇಡಿ ಅಂದಿದ್ದೆ."

"ನಾನೆಲ್ಲಿ ಹೇಳ್ದೆ. ಟೀಪಾಯ್ ಸರಿಸ್ದೆ."

ಮದುವೆಯಾದಾಗಿನಿಂದ ಆಂಟಿ ಒಂದು ಮ್ಯಾಚನ್ನೂ ಪೂರ್ತಿ ನೋಡಿದವರಲ್ಲವಂತೆ. ಮಾಸ್ಟರ್ ಕಣ್ಣು ತೇವವಾಗಿತ್ತು, ನನ್ನದೂ.

ಎರಡನೇ ಅರ್ಧದಲ್ಲಿ ಟಿವಿ ನೋಡುವವರೇ ಇರಲಿಲ್ಲ, ಎಲ್ಲರ ಕಣ್ಣೂ ಅಡುಗೆಮನೆ ಬಾಗಿಲ ಮೇಲೆ. ಒಮ್ಮೆ ಆಂಟಿ ಬಂದಾಗ ನಡುಮನೆಗೆ ನಡುಮನೆಯೇ ಎದ್ದು ನಿಂತಿತು. "ಕರಿಬೇವು ಕೀಳೋಕೆ ಹೋಗ್ತಿದೀನಿ, ಕೂತ್ಕೊಳ್ಳಿ" ಎಂದರು. ಎಲ್ಲರೂ ಕುಳಿತರು.

ಆಟದ ಕೊನೆಯ ಗಳಿಗೆ. ಮಾಸ್ಟರ್ ಹಾಯಾಗಿ ಕಾಲು ಚಾಚಿದರು. ಆಂಟಿ ಮತ್ತೆ ಬಂದು, ಟೀಪಾಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಅದರ ಹಿಂದೆ ನಿಂತರು.

"ಮುಗೀತಲ್ಲೇ, ಇಲ್ಲಿ ಕೊಡು ಅದನ್ನ" ಎಂದರು ಮಾಸ್ಟರ್.

"ಇರಿ."

ಮೂರನೇ ಗೋಲು ಬಿತ್ತು. ಸ್ಟೇಡಿಯಂ ಭೋರ್ಗರೆಯಿತು, ಬೀದಿ ಕುಣಿಯಿತು, ಅದರ ನಡುವೆ ಗೋಡೆಯ ಕಡೆಯಿಂದ ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಟೀಪಾಯ್ ಮಗುಚಿ ಬಿದ್ದಿತ್ತು. ಆಂಟಿ ಹೆಬ್ಬೆರಳು ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತಿದ್ದರು.

ನಾನು ಓಡಿ ಹೋಗಿ ಹಿಡಿದುಕೊಂಡೆ. "ಈ ಗೋಲು ಆಗ್ಲೇ ನೋಡಿದ್ರಲ್ರಿ ಆಂಟಿ?"

"ನೋಡಿದ್ದೆ ಕಣಮ್ಮ" ಎಂದರು ಆಂಟಿ, ಕಣ್ಣು ಟಿವಿಯಿಂದ ಕೀಳದೆ. "ಪಕ್ಕದ್ಮನೆಯೋರಿಗೆ ಕೇಳಿಸುತ್ತೆ ಅಂತ ಸೌಂಡ್ ಹಾಕಿರ್ಲಿಲ್ಲ."