ಬಟ್ಟಲಿನ ತಳ

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಖಾದರಸಾಬನ ಖಂಡದ ಸಾರು ತಳ ಹತ್ತಿತು.

ಇಸವಿ ೧೯೩೮, ಊರು ಸವಣೂರು. ಖಂಡ ಕುರಿಯದು, ತೂಕ ಒಂದು ಸೇರು. ಖಾದರಸಾಬ ಅಂಗಿ ಹೊಲಿಯುವವನು. ಆ ದಿನದ ತನಕ ಅವನು ಒಲೆಯ ಹತ್ತಿರ ಹೋಗಿದ್ದು ಬೀಡಿ ಹೊತ್ತಿಸಲಿಕ್ಕೆ ಮಾತ್ರ.

ಕಾರಣ ಮೂರು ವಾರದ ಹಿಂದಿನದು. ಹೆಂಡತಿ ಲಾಲಬಿ ಬಡಿಸಿದ ಸಾರನ್ನು ಒಂದು ಗುಟುಕು ಕುಡಿದು, “ನಮ್ಮವ್ವನ ಸಾರಿನ ಮುಂದ ಇದು ಕೈ ತೊಳದ ನೀರು. ನಾ ಮಾಡಿದ್ರೂ ಇದಕ್ಕಿಂತ ಛಲೋ ಮಾಡ್ತೇನಿ” ಅಂದಿದ್ದ. ಲಾಲಬಿ ಅಲ್ಲಿಂದಲೇ ಎದ್ದಳು. ಮದುವೆಯಲ್ಲಿ ತಂದೆ ಹೆಸರು ಕೊರೆಸಿ ಕೊಟ್ಟಿದ್ದ ಏಳು ತಾಮ್ರದ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿ ತವರೂರು ಹುಲಗೂರಿನ ಬಂಡಿ ಹತ್ತಿದಳು. ಮನೆಯಲ್ಲಿ ಉಳಿದದ್ದು ಒಂದು ಮಣ್ಣಿನ ಗಡಿಗೆ, ಮೂರು ಮಣ್ಣಿನ ಬಟ್ಟಲು ಮತ್ತು ಖಾದರಸಾಬ.

ಮಾವ ಶೇಖಸಾಬ ಹುಲಗೂರಿನಿಂದ ಹೇಳಿ ಕಳಿಸಿದ: “ಮಾಡ್ತೇನಿ ಅಂದಿಯಲ್ಲ, ಮಾಡಿ ತೋರಸು. ಶುಕ್ರವಾರ ಸಂಜಿಗೆ ಉಣ್ಣಾಕ ಬರ್ತೇನಿ. ಬಾಯಾಗ ಇಡುವಂಗ ಇದ್ರ ಮಗಳ್ನ ಕಳಸ್ತೇನಿ. ಇಲ್ಲಂದ್ರ ಆಕಿ ಹುಲಗೂರಾಗ ಇರ್ಲಿ, ನೀ ನಿಮ್ಮವ್ವನ ಸಾರು ನೆನಸ್ಕೋತ ಇರು.”

ಅವ್ವ ತೀರಿ ಆರು ವರ್ಷವಾಗಿತ್ತು.

ಬೆಳಿಗ್ಗೆ ಮಸಾಲೆಗೆ ಹೋದಾಗ ಅಂಗಡಿಯ ಕರಬಸಪ್ಪ ಬುದ್ಧಿ ಹೇಳಿದ. ಅವನ ಕೊರಳಲ್ಲಿ ಲಿಂಗ. ಖಂಡ ಮುಟ್ಟಿದ ಮನೆತನವಲ್ಲ. “ನಾ ಬಾಯಾಗ ಇಟ್ಟಿಲ್ಲ ಖಾದರಸಾಬ್ರ. ಆದ್ರ ಇಟ್ಟವ್ರಿಗೆ ಮೂವತ್ತ ವರ್ಷ ತೂಗಿ ಕೊಟ್ಟೇನಿ. ಸೇರಿಗೆ ನಾಲ್ಕ ಲವಂಗ. ಐದನೇದು ಹಾಕಿದ್ರಿ, ಅದು ಸಾರಲ್ಲ, ಕಷಾಯ.” ಆ ದಿನ ಖಾದರಸಾಬನಿಗೆ ಸಿಕ್ಕ ಸರಿಯಾದ ಸಲಹೆ ಇದೊಂದೇ.

ಎರಡು ಗಂಟೆಗೆ ಎದುರು ಮನೆಯ ಇಸ್ಮಾಯಿಲಸಾಬ ಬಂದ. ಪೊಲೀಸ ಜಮಾದಾರನಾಗಿ ನಿವೃತ್ತನಾದವನು, ಒಲೆಯಿಂದಲೂ ಜಬಾನಿ ಹೇಳಿಕೆ ಬರೆಸಿಕೊಳ್ಳುವವನಂತೆ ನೋಡಿದ. “ಉರಿ ಸಾಲವಲ್ದು” ಎಂದು ಎರಡು ಕಟ್ಟಿಗೆ ನೂಕಿದ. ಆಮೇಲೆ ಒಂದು ತುಂಡು ಬಾಯಿಗೆ ಹಾಕಿಕೊಂಡು, “ಇನ್ನೂ ಬೆಂದಿಲ್ಲ, ಅಲ್ಲೀತನ ಬಾ, ಒಂದ ಕತಿ ಕೇಳು” ಎಂದು ಕಟ್ಟೆಯ ಮೇಲೆ ಕೂತು ಬಂಕಾಪುರದ ಕಳ್ಳನನ್ನು ಬೆನ್ನಟ್ಟತೊಡಗಿದ. ಕತೆಯಲ್ಲಿ ಕಳ್ಳ ಸಿಗುವ ಹೊತ್ತಿಗೆ ಗಡಿಗೆಯಲ್ಲಿ ನೀರಿರಲಿಲ್ಲ.

“ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ” ಎಂದು ಕಂಡುಹಿಡಿದವನೂ ಜಮಾದಾರನೇ. “ನಾ ಇದ್ದೆ ಅಂತ ಮನಿ ಉಳೀತು ನೋಡು” ಎಂದು ಹೇಳಿ ಹೋದ.

ಖಾದರಸಾಬ ತಲೆಯ ಮೇಲೆ ಕೈ ಹೊತ್ತು ಕೂತ. ಸಂಜೆಗೆ ಮೂರು ತಾಸು. ಕೈಯಲ್ಲಿ ಬೇರೆ ಖಂಡವಿಲ್ಲ, ಕಟುಕ ಅಂಗಡಿ ಮುಚ್ಚಿ ನಮಾಜಿಗೆ ಹೋದವನು ತಿರುಗಿ ಬಂದಿಲ್ಲ. ಆಗ ಅವನಿಗೆ ಓಣಿಯ ರಿವಾಜು ನೆನಪಾಯಿತು. ಸಾರಿನ ವಾಸನೆ ಹೋದ ಮನೆಗೆ ಒಂದು ಬಟ್ಟಲು ಸಾರೂ ಹೋಗಬೇಕು. ಹೋದ ಬಟ್ಟಲು ಖಾಲಿ ಬರಬಾರದು, ಏನೂ ಇಲ್ಲದಿದ್ದರೆ ಒಂದು ಹರಳು ಬೆಲ್ಲವಾದರೂ ಹಾಕಿ ಕೊಡಬೇಕು. ಇಂದು ಶುಕ್ರವಾರ, ಎಲ್ಲ ಒಲೆಯ ಮೇಲೂ ಅದೇ ಕುರಿ.

ಮೇಲಿನ ತುಂಡುಗಳನ್ನಷ್ಟೇ ಬಳಿದು ಮೂರು ಬಟ್ಟಲಿಗೆ ಹಾಕಿದ. ಹರಿದ ಅಂಗಿಗೆ ತೇಪೆ ಹಚ್ಚಿದಂತೆ ಮೇಲೆ ಕೊತ್ತಂಬರಿ ಹರಡಿ ಹೊರಟ.

ಇಸ್ಮಾಯಿಲಸಾಬನ ಮನೆಯಿಂದ ಕಾಲಿನ ಸಾರು ಬಂತು: ನೀರು ಬಹಳ, ಎಲುಬು ಎರಡು. ಬದಿಮನೆಯ ಅಲ್ಲಾಭಕ್ಷನ ಮನೆಯಿಂದ ಖೀಮಾ ಬಂತು, ಬೆಕ್ಕಿಗೂ ಒಂದು ತುತ್ತು ಸಾಲದಷ್ಟು.

ಹಿತ್ತಲಿನಾಚೆಯ ಕುಲಸುಮಬಿ ಮುದುಕಿ ಬಾಗಿಲಿಗೆ ಅಡ್ಡ ನಿಂತಳು. “ಒಳಗ ಬರಬ್ಯಾಡ, ಅಲ್ಲೇ ನಿಲ್ಲು.”

“ಚಾಚಿ, ಸಾರು ತಂದೇನಿ.”

ಮುದುಕಿ ಬಟ್ಟಲನ್ನು ಮೂಸಿ ಮುಖ ತಿರುಗಿಸಿದಳು. ಒಳಗೆ ನೋಡಿದಳು, ಹೊರಗೆ ನೋಡಿದಳು. “ಬೆಲ್ಲನೂ ತೀರೈತಿ ಇವತ್ತ” ಎಂದು ಗೊಣಗಿ ಒಳಗೆ ಹೋದವಳು ತುಂಬಿದ ತಾಮ್ರದ ಬಟ್ಟಲೊಂದನ್ನು ತಂದಳು. “ನಿನ್ನ ಬಟ್ಟಲ ಹೊಗಿ ನಾರಾಕತ್ತೈತಿ, ತೊಳದ ಕಳಸ್ತೇನಿ. ಇದನ್ನ ತಿರಗಿ ಕೊಡು ಮತ್ತ.”

ಮನೆಗೆ ಬಂದು ರುಚಿ ನೋಡಿದ. ಪುಂಡಿಪಲ್ಯೆ ಹಾಕಿ ಬೇಯಿಸಿದ ಖಂಡ, ನಾಲಿಗೆಯ ಮೇಲೆ ಬೆಣ್ಣೆಯಂತೆ ಇಳಿಯಿತು. ಬೆರಳು ನೆಕ್ಕಿದ. ಇನ್ನೊಂದು ಸಲ ರುಚಿ ನೋಡಬೇಕೆನಿಸಿತು, ಮಾವನ ನೆನಪಾಗಿ ಬಿಟ್ಟ.

ಸಂಜೆ ನಮಾಜು ಮುಗಿಸಿ ಶೇಖಸಾಬ ಬಂದು ಕೂತ. ಜೋಳದ ರೊಟ್ಟಿಯನ್ನು ಖಾದರಸಾಬ ಎದುರು ಮನೆಯಲ್ಲಿ ಮಾಡಿಸಿದ್ದ, ಅದಕ್ಕೆ ಮಾವನ ತಕರಾರಿರಲಿಲ್ಲ. ಮನೆಯಲ್ಲಿ ಮರ್ಯಾದೆಯ ಪಾತ್ರೆ ಬೇರೆ ಇಲ್ಲದ್ದರಿಂದ ತಾಮ್ರದ ಬಟ್ಟಲನ್ನೇ ಎದುರಿಗಿಟ್ಟ.

ಮಾವ ಮೊದಲ ತುತ್ತು ನುಂಗಿದ. ಎರಡನೆಯದಕ್ಕೆ ಹುಬ್ಬು ಏರಿಸಿದ. “ನೀನ ಮಾಡಿದಿ?”

“ಈ ಕೈಲೇ ಮಾವಾರ.”

“ಮಂದಿ ಕೈ ಹತ್ತಿಲ್ಲ?”

“ಅಲ್ಲಾನಾಣೆ...” ಎಂದು ಬಾಯಿಗೆ ಬಂದದ್ದನ್ನು ಖಾದರಸಾಬ ಕಚ್ಚಿ ಹಿಡಿದ. “ನಾ ಸುಳ್ಳ ಹೇಳ್ತೇನೇನ್ರಿ? ಖರೇ ಹೇಳ್ರಿ, ಇಂಥಾದ್ದು ನಿಮ್ಮ ಮಗಳಿಗೆ ಜನ್ಮದಾಗ ಮಾಡಾಕ ಬಂದೈತೇನು?”

ಶೇಖಸಾಬ ಕಡೆಯ ರೊಟ್ಟಿ ಚೂರಿನಿಂದ ಬಟ್ಟಲನ್ನು ಒರೆಸಿ ತಿಂದ. ಆಮೇಲೆ ಅದನ್ನು ಬೋರಲು ಹಾಕಿ ಅಳಿಯನ ಕಡೆಗೆ ಸರಿಸಿದ. ತಳದಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದಿತ್ತು: ಶೇಖಸಾಬ, ಹುಲಗೂರು.

“ನಮ್ಮ ಬಂಡಿ ಮುಂಜಾನಿ ಹತ್ತಕ್ಕ ಬಂತು” ಎಂದ ಮಾವ. “ಲಾಲಬಿ ಪಾತ್ರಿ ಗಂಟಿನ ಸಂಗಾಟ ಕುಲಸುಮಬಿ ಮನ್ಯಾಗ ಇಳದಾಳ. ನೀ ಅಡಿಗಿ ಕೆಡಿಸಿದ್ರ ನಾ ಉಪಾಸ ಮಲಗಬಾರ್ದು ಅಂತ ಒಂದ ಬಟ್ಟಲ ಮಾಡಿಟ್ಟಿದ್ಲು. ಅದನ್ನ ಮುದುಕಿ ಎತ್ತಿ ಯಾರಿಗೋ ಕೊಟ್ಟಾಳ ಅಂತ ನಾ ಇತ್ತ ಬರೂ ಮುಂದ ಲಾಲಬಿನ ಹೇಳಿದ್ಲು.”

ಹಿತ್ತಲ ಬಾಗಿಲಲ್ಲಿ ಲಾಲಬಿ ನಿಂತಿದ್ದಳು. “ಕೈ ತೊಳದ ನೀರು ರುಚಿ ಆತೇನ್ರಿ?”

ಖಾದರಸಾಬ ಹೆಸರು ಕಾಣದಂತೆ ಬಟ್ಟಲನ್ನು ತಿರುಗಿ ಅಂಗಾತ ಇಟ್ಟ.

“ಬಾಯಾಗ ಇಡುವಂಗ ಇದ್ರ ಮಗಳ್ನ ಕಳಸ್ತೇನಿ ಅಂದಿದ್ದೆ. ಮಾತ ಮಾತ. ಆಕಿ ಇಲ್ಲೇ ಇರ್ತಾಳ” ಎಂದು ಶೇಖಸಾಬ ಎದ್ದ. “ನೀನೂ ಈ ಕೈಲೇ ಮಾಡೇನಿ ಅಂದಿ. ನಿನ್ನ ಮಾತೂ ನಡೀಲಿ. ಇನ್ಮ್ಯಾಗ ಶುಕ್ರವಾರದ ಅಡಿಗಿ ನಿಂದು. ವಾರಾ ವಾರಾ ಉಣ್ಣಾಕ ಬರ್ತೇನಿ.”

ಮುಂದಿನ ಶುಕ್ರವಾರ ಎರಡೂವರೆಗೇ ತಳ ಹತ್ತಿತು. ಖಾದರಸಾಬ ಮೂರು ಮನೆಗೆ ಬಟ್ಟಲು ಒಯ್ದ. ಮೂರೂ ಬಟ್ಟಲು ಒಂದೊಂದು ಹರಳು ಬೆಲ್ಲ ಹೊತ್ತು ತಿರುಗಿ ಬಂದವು.